ಗುಜರಿ ತಕ್ಕಡಿಯ ಮೇಲೆ ಸ್ಪೋರ್ಟ್ಸ್ ಕೋಟಾ

"ಉಡಿದಾರಾನೂ ಬಿಚ್ಲಾ" ಅಂದರು ನಮ್ಮ ಭಾವ.

ಬೆಳಿಗ್ಗೆ ಆರೂವರೆ. ನಮ್ಮ ಅಕ್ಕನ ಮಗ ಭರತ ಬರೀ ಚಡ್ಡಿಯಲ್ಲಿ ಗುಜರಿ ಅಂಗಡಿಯ ತಕ್ಕಡಿಯ ಮೇಲೆ ನಿಂತಿದ್ದ. ಅವನ ಎಡಗಡೆ ಬಾಗಿಲಿಲ್ಲದ ಒಂದು ಫ್ರಿಜ್ಜು, ಬಲಗಡೆ ಸತ್ತ ಬ್ಯಾಟರಿಗಳ ರಾಶಿ. ತಕ್ಕಡಿಗೆ ಜೋಡಿಸಿದ್ದ ಡಬ್ಬಿಯಲ್ಲಿ ಕೆಂಪು ಅಂಕಿ 56.240 ಎಂದು ಮಿನುಗುತ್ತಿತ್ತು. ಹುಡುಗನ ಮೈಮೇಲೆ ಬಿಚ್ಚುವಂಥದ್ದು ಇನ್ನೇನೂ ಉಳಿದಿರಲಿಲ್ಲ, ಸೊಂಟದ ಬೆಳ್ಳಿ ಉಡಿದಾರ ಒಂದನ್ನು ಬಿಟ್ಟರೆ. ಅದನ್ನೂ ಬಿಚ್ಚಿ ಕೊಟ್ಟ. ಅಂಕಿ 56.200ಕ್ಕೆ ಇಳಿಯಿತು. ಭಾವ ಉಡಿದಾರವನ್ನು ಜೇಬಿಗೆ ಹಾಕಿಕೊಂಡು, "ನೋಡ್ದಾ ಮಂಜ? ನಲವತ್ತು ಗ್ರಾಂ ಅಲ್ಲೇ ಹೋಯ್ತು" ಎಂದು ನನ್ನ ಕಡೆ ತಿರುಗಿ ನಕ್ಕರು. ನಲವತ್ತು ಗ್ರಾಮಿಗೆ ಅಷ್ಟು ಖುಷಿಪಡುವ ಮನುಷ್ಯನನ್ನು ನಾನು ಚಿನ್ನದ ಅಂಗಡಿಯಲ್ಲೂ ನೋಡಿಲ್ಲ.

ಅಷ್ಟರಲ್ಲಿ ಹಳೇ ಪೇಪರಿನ ಕಟ್ಟು ಹೊತ್ತುಕೊಂಡು ಒಬ್ಬ ಮುದುಕ ಬಂದ. ತಕ್ಕಡಿಯ ಮೇಲಿದ್ದ ಹುಡುಗನನ್ನು ಒಂದು ಸಲ ಕೆಳಗಿನಿಂದ ಮೇಲಕ್ಕೆ ನೋಡಿದ.

"ಏನಪ್ಪಾ, ಮಕ್ಳನ್ನೂ ತಗೊಳಾಕೆ ಶುರು ಮಾಡಿದ್ರಾ? ಕೆಜಿಗೆ ಎಷ್ಟಾಕ್ತೀರ?"

ಭಾವನಿಗೆ ನಗು ಬರಲಿಲ್ಲ. ನನಗೆ ಬಂತು. ಆದರೆ ಭಾವ ಎದುರಿಗೇ ಇದ್ದರು, ನುಂಗಿಕೊಂಡೆ.

ವಿಷಯ ಇಷ್ಟು. ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದ ಪಕ್ಕದಲ್ಲಿರುವ ಒಂದು ಗುಜರಿ ಅಂಗಡಿಯಲ್ಲಿ ತೂಕ ಹಾಕುವುದು ನನ್ನ ಕೆಲಸ. ಭಾವ ನಾರಾಯಣಸ್ವಾಮಿ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರು. ಭರತ ಆಗ ಹತ್ತನೇ ಕ್ಲಾಸು. ಓದಿನಲ್ಲಿ ಮಧ್ಯಮ, ಕಬಡ್ಡಿಯಲ್ಲಿ ಒಳ್ಳೇ ರೈಡರು. ಯುಗಾದಿ ಕಳೆದ ಮೇಲೆ ಹೊಸಕೋಟೆಯಲ್ಲಿ ಐವತ್ತೈದು ಕೆಜಿ ವಿಭಾಗದ ಪಂದ್ಯ ನಡೆಯುತ್ತದೆ, ಅದನ್ನು ನೋಡಲು ಬೆಂಗಳೂರಿನ ಒಂದು ಕಾಲೇಜಿನ ಕೋಚು ಬರುತ್ತಾರೆ, ಇಬ್ಬರು ಹುಡುಗರನ್ನು ಆರಿಸಿಕೊಳ್ಳುತ್ತಾರೆ, ಆರಿಸಿದವರಿಗೆ ಪಿಯುಸಿಯಿಂದ ಡಿಗ್ರಿಯವರೆಗೆ ಫೀಸಿಲ್ಲ, ಹಾಸ್ಟೆಲು ಊಟ ಎಲ್ಲ ಅವರದೇ ಎಂದು ಸ್ಕೂಲಿನ ಪಿ.ಟಿ. ಮೇಷ್ಟ್ರು ಹೇಳಿದ್ದರು. ಅವತ್ತಿನಿಂದ ಭಾವ ಮಗನ ಮುಖ ನೋಡುವುದನ್ನು ಬಿಟ್ಟು ಅಂಕಿ ನೋಡಲು ಶುರು ಮಾಡಿದರು. ಪಂದ್ಯದ ದಿನ ಬೆಳಿಗ್ಗೆ ಹುಡುಗ ಐವತ್ತೈದರ ಒಳಗಿದ್ದರೆ ಸೀಟಿನ ಆಸೆ ಇಟ್ಟುಕೊಳ್ಳಬಹುದು. ಒಂದು ಗ್ರಾಂ ಜಾಸ್ತಿಯಾದರೂ ಇಲ್ಲ.

ಭಾವ ಸ್ವತಃ ಕಬಡ್ಡಿ ಆಡಿದವರಲ್ಲ. ಮಗ ಆಡುವುದನ್ನೂ ನೋಡಿದವರಲ್ಲ. ಪಂದ್ಯ ಇದ್ದಾಗಲೆಲ್ಲ ಅವರಿಗೆ ಶಿಫ್ಟು. ಆದರೂ ಸೀಟಿನ ವಿಷಯದಲ್ಲಿ ಅವರು ಕೋಚಿಗಿಂತ ಹೆಚ್ಚು ತಿಳಿದವರು.

ಕಾಲ ಹೇಗೆ ಬದಲಾಯಿತು ನೋಡಿ. ನಮ್ಮಪ್ಪ ನನ್ನ ಕ್ರಿಕೆಟ್ ಬ್ಯಾಟನ್ನು ನೀರೊಲೆಗೆ ಹಾಕಿದ್ದರು. ಆ ಬ್ಯಾಟಿನಿಂದ ಕಾದ ನೀರಿನಲ್ಲೇ ನಾನು ಸ್ನಾನ ಮಾಡಿಕೊಂಡು ಸ್ಕೂಲಿಗೆ ಹೋದೆ. ಹೋಗಿ ಏನೂ ಪ್ರಯೋಜನ ಆಗಲಿಲ್ಲ, ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದೆ. ಆಗ ಅಪ್ಪಂದಿರು "ಓದ್ಕೊಳೋ" ಎಂದು ಯಾವ ದನಿಯಲ್ಲಿ ಗದರುತ್ತಿದ್ದರೋ ಅದೇ ದನಿಯಲ್ಲಿ ಈಗ "ಆಡೋ" ಅನ್ನುತ್ತಾರೆ. ಮೈದಾನದ ಸುತ್ತ ನೀರಿನ ಬಾಟಲಿ ಹಿಡಿದು ನಿಲ್ಲುತ್ತಾರೆ. ಹುಡುಗರಿಗೆ ಎರಡೂ ಒಂದೇ. ಮೊದಲು ಓದು ಕಂಡರೆ ಜ್ವರ ಬರುತ್ತಿತ್ತು, ಈಗ ಆಟ ಕಂಡರೂ ಬರುತ್ತದೆ.

ಭಾವನನ್ನು ನೋಡಿ ಬೇರೆ ಅಪ್ಪಂದಿರೂ ಬಂದರು. ಏಳು ಜನರ ತಂಡದಲ್ಲಿ ಐದು ಹುಡುಗರು ದಿನಾ ಬೆಳಿಗ್ಗೆ ನಮ್ಮ ಅಂಗಡಿಯ ಮುಂದೆ ಚಡ್ಡಿಯಲ್ಲಿ ಸಾಲು ನಿಲ್ಲುತ್ತಿದ್ದರು. ಒಬ್ಬ ಅಪ್ಪ ಉಗುರು ಕತ್ತರಿಸುವ ಕಟ್ಟರ್ ತಂದಿದ್ದರು. ಇನ್ನೊಬ್ಬರು ಮಗನ ತಲೆ ನುಣ್ಣಗೆ ಬೋಳಿಸಿಕೊಂಡು ಬಂದರು. ತೂಗಿದರೆ ಇಪ್ಪತ್ತು ಗ್ರಾಂ ಕೂಡ ಇಳಿದಿರಲಿಲ್ಲ. ಹುಡುಗ ತಲೆ ಸವರಿಕೊಂಡು ನನ್ನನ್ನೇ ನೋಡಿದ, ಕೂದಲು ನಾನು ಕದ್ದ ಹಾಗೆ.

ನನಗೆ ಆಗೆಲ್ಲ ಒಂದು ಯೋಚನೆ ಬರುತ್ತಿತ್ತು. ಇದೇ ಭರತ ಮೂರು ವರ್ಷದವನಿದ್ದಾಗ ಅಂಗನವಾಡಿಯಲ್ಲಿ ತೂಕ ಹಾಕುತ್ತಿದ್ದರು. ಚೀಲದಲ್ಲಿ ಕಾಲು ತೂರಿಸಿ ಮಗುವನ್ನು ನೇತುಹಾಕುವ ತಕ್ಕಡಿ ಅದು. ಟೀಚರು "ಕಮ್ಮಿ ಐತೆ ಕಣಮ್ಮ, ಮೊಟ್ಟೆ ಕೊಡಿ" ಅಂದರೆ ನಮ್ಮಕ್ಕ ಮಂಜುಳ ಮನೆಗೆ ಬಂದು ಅಳುತ್ತಿದ್ದಳು. ಒಂದು ಸಲ ಹುಡುಗನ ಜೇಬಿಗೆ ಎರಡು ಗೋಲಿ ಹಾಕಿ ಕಳಿಸಿದ್ದಳು, ಅಂಕಿ ಸ್ವಲ್ಪ ಮೇಲೆ ಹೋಗಲಿ ಅಂತ. ದೇವಸ್ಥಾನದಲ್ಲಿ ಹರಕೆಗೆ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತಾರಲ್ಲ, ಅಲ್ಲೂ ಅಷ್ಟೇ; ಮಗು ತೂಕ ಜಾಸ್ತಿ ಬಂದರೆ ಬೆಲ್ಲ ಜಾಸ್ತಿ ಹೋಗುತ್ತದೆ, ಆದರೂ ಹೆತ್ತವರು ಹಿಗ್ಗುತ್ತಾರೆ. ಹೀಗೆ ಗೋಲಿ ಹಾಕಿ ಬೆಳೆಸಿದ ಮಗನನ್ನು ಹದಿನೈದು ವರ್ಷಕ್ಕೆ ಉಡಿದಾರ ಬಿಚ್ಚಿಸಿ ನಿಲ್ಲಿಸುತ್ತಾರೆ. ತಪ್ಪು ಯಾರದ್ದು ಅಂತ ನಾನು ಹೇಳುವುದಿಲ್ಲ. ನನಗೆ ಮದುವೆಯಾಗಿಲ್ಲ, ಮಕ್ಕಳಿಲ್ಲ. ಆದಾಗ ನಾನೂ ಏನು ಮಾಡುತ್ತೇನೋ.

ಮನೆಯಲ್ಲಿ ಭರತನಿಗೆ ಒಂದು ಮುದ್ದೆಯ ಬದಲು ಅರ್ಧ ಮುದ್ದೆ. ಸಾರು ತೆಳ್ಳಗೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ದಪ್ಪ ಜರ್ಕಿನ್ ಹಾಕಿಸಿ ಕೆರೆ ಏರಿಯ ಮೇಲೆ ಓಡಿಸುವುದು. ಭಾವ ಹಿಂದೆ ಹಿಂದೆ ಗಾಡಿಯಲ್ಲಿ. ಬಾಯಿ ಒಣಗಿದರೆ ನೀರಿಲ್ಲ, ಒಂದು ಏಲಕ್ಕಿ. ಅಕ್ಕ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಏನ್ರೀ, ಮಗೂನ ಸಾಯಿಸ್ತೀರಾ? ಕೆನ್ನೆ ನೋಡ್ರೀ, ಬಟ್ಲು ಇಟ್ಟಂಗೆ ಒಳಕ್ಕೋಗವೆ."

"ನಿಂಗೇನ್ ಗೊತ್ತು, ಸುಮ್ನಿರು. ನಾಳೆ ಕಾಲೇಜಲ್ಲಿ ಮೂರೊತ್ತೂ ಊಟ ಹಾಕ್ತಾರೆ."

"ಅಲ್ಲಿ ಊಟ ಹಾಕ್ತಾರೆ ಅಂತ ಇಲ್ಲಿ ಉಪವಾಸ ಹಾಕ್ತೀರಾ?"

ಭಾವ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು.

ಈಗ ಒಂದು ವಿಷಯ ಹೇಳಬೇಕು, ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಮ್ಮ ತಕ್ಕಡಿ ಸುಳ್ಳು. ಹತ್ತು ಕೆಜಿ ಇಟ್ಟರೆ ಒಂಬತ್ತೂವರೆ ತೋರಿಸುತ್ತದೆ. ಜನ ತಂದ ಹಳೇ ಕಬ್ಬಿಣ ಕಮ್ಮಿ ತೂಗಲಿ ಎಂದು ಯಜಮಾನರು ಹಾಗೆ ಸೆಟ್ ಮಾಡಿಸಿದ್ದರು. ಕಬ್ಬಿಣ ತೂಗುವಾಗ ನನಗೆ ಅದು ಗೊತ್ತಿತ್ತು, ಹುಡುಗರನ್ನು ತೂಗುವಾಗ ತಲೆಗೇ ಬರಲಿಲ್ಲ. ಕಬ್ಬಿಣಕ್ಕೆ ಮೋಸ ಮಾಡುವ ಮೆಷಿನ್ನು ಹುಡುಗನಿಗೂ ಮೋಸ ಮಾಡುತ್ತದೆ ಎಂದು ಹೊಳೆಯಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೋ ಏನೋ.

ಹೊಳೆದಿದ್ದು ಹಬ್ಬಕ್ಕೆ ಒಂದು ವಾರ ಇದ್ದಾಗ. ನನಗೆ ಜ್ವರ ಬಂದು ಕ್ಲಿನಿಕ್ಕಿಗೆ ಹೋದೆ. ನರ್ಸು ತೂಕ ನೋಡಿ ಎಂಬತ್ತೆರಡು ಅಂದರು. ಹಿಂದಿನ ದಿನ ಹುಡುಗರ ಜೊತೆ ತಮಾಷೆಗೆ ನಮ್ಮ ತಕ್ಕಡಿಯ ಮೇಲೆ ನಿಂತಿದ್ದೆ, ಎಪ್ಪತ್ತೆಂಟು ಇತ್ತು. ಜ್ವರದಲ್ಲಿ ಒಂದೇ ರಾತ್ರಿಗೆ ಯಾರೂ ನಾಲ್ಕು ಕೆಜಿ ದಪ್ಪ ಆಗುವುದಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಭರತ ನಮ್ಮ ತಕ್ಕಡಿಯಲ್ಲಿ ಐವತ್ತೈದಕ್ಕೆ ಬಂದಿದ್ದ. ಅಂದರೆ ನಿಜವಾಗಿ ಐವತ್ತೆಂಟರ ಹತ್ತಿರ. ಆ ಐದು ಹುಡುಗರದ್ದೂ ಅದೇ ಕಥೆ.

ಊರಲ್ಲಿ ನನಗೆ ಮುಖದ ಮೇಲೆ ಹೊಡೆದ ಹಾಗೆ ಮಾತಾಡುವವನು ಎಂದು ಹೆಸರು. ಮದುವೆ ಮನೆಯಲ್ಲಿ ಪಾಯಸಕ್ಕೆ ಸಕ್ಕರೆ ಕಮ್ಮಿ ಎಂದು ಬೀಗರ ಎದುರೇ ಹೇಳಿದವನು ನಾನು. ಅಂಥವನು ಆ ವಾರ ಬಾಯಿ ತೆರೆಯಲಿಲ್ಲ. ಹೇಳಿದರೆ ಯಜಮಾನರ ಮಾನ ಹೋಗುತ್ತದೆ, ಜೊತೆಗೆ ನನ್ನ ಕೆಲಸ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಹಿಂದಿನ ವರ್ಷ ಭಾವ ಮನೆಯ ಹಳೇ ಕಬ್ಬಿಣದ ಗೇಟನ್ನು ನಮ್ಮ ಅಂಗಡಿಗೇ ಹಾಕಿದ್ದರು. ತೂಗಿದ್ದು ನಾನೇ. ಇವತ್ತು ಹೇಳೋಣ ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಭಾವ ಬಂದು, "ನಮ್ಮ ಮಂಜ ಇರೋದಕ್ಕೆ ಆಯ್ತು ಕಣಪ್ಪ, ಇಲ್ದಿದ್ರೆ ದಿನಾ ಎಲ್ಲಿ ತೂಕ ಹಾಕ್ಸೋದು" ಎಂದು ಬೇರೆಯವರ ಮುಂದೆ ನನ್ನ ಹೆಗಲು ತಟ್ಟುತ್ತಿದ್ದರು. ತಟ್ಟಿದಾಗೆಲ್ಲ ಮಾತು ಒಳಗೆ ಹೋಗುತ್ತಿತ್ತು.

ಹೀಗೆ ಹಬ್ಬ ಬಂತು. ಆ ವರ್ಷ ಯುಗಾದಿ ತಡ, ಪರೀಕ್ಷೆಗಳು ಮುಗಿದಿದ್ದವು. ಯುಗಾದಿಯ ಮಾರನೇ ದಿನ ನಮ್ಮ ಕಡೆ ಹೊಸತೊಡಕು, ಬಾಡೂಟದ ದಿನ. ಊರವರೆಲ್ಲ ಸೇರಿ ಮರಿ ಕೊಯ್ದು, ಮಾಂಸವನ್ನು ಗುಡ್ಡೆ ಗುಡ್ಡೆ ಮಾಡಿ ಹಂಚಿಕೊಳ್ಳುತ್ತಾರೆ. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂದು ನಂಬಿಕೆ. ಅದಕ್ಕೇ ಅವತ್ತು ಯಾರೂ ಜಗಳ ಆಡುವುದಿಲ್ಲ, ಮಕ್ಕಳಿಗೆ ಹೊಡೆಯುವುದಿಲ್ಲ, ಹೊಟ್ಟೆ ತುಂಬ ತಿನ್ನುತ್ತಾರೆ. ಪಂದ್ಯದ ತೂಕ ಇದ್ದದ್ದು ಅದರ ಮಾರನೇ ದಿನ ಬೆಳಿಗ್ಗೆ ಏಳು ಗಂಟೆಗೆ. ಆ ದಿನ ಗೊತ್ತು ಮಾಡಿದವರು ನಮ್ಮ ಕಡೆಯವರಾಗಿರಲಾರರು.

"ಹೊಸತೊಡಕಿನ ದಿನ ಹುಡುಗ ಅರ್ಧ ಹೊಟ್ಟೇಲಿ ಎದ್ರೆ ವರ್ಷ ಪೂರ್ತಿ ಅರ್ಧ ಹೊಟ್ಟೇನೇ" ಎಂದು ಅಕ್ಕ ಪಟ್ಟು ಹಿಡಿದಳು. ಭಾವನಿಗೂ ಆ ನಂಬಿಕೆ ಇದೆ, ಜೊತೆಗೆ ಸೀಟೂ ಬೇಕು. ಅವರು ಒಂದು ಉಪಾಯ ಮಾಡಿದರು.

ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿತ್ತು. ಭಾವ ಬಂದು ನನ್ನಿಂದ ತೆಗೆಸಿದರು. ಹಿಂದೆಯೇ ಭರತ, ಕೈಯಲ್ಲಿ ಒಂದು ತಟ್ಟೆ. ತಟ್ಟೆಯ ಮೇಲೆ ಮುದ್ದೆ, ಬಾಡಿನ ಸಾರು, ಮೇಲಕ್ಕೆ ಗೋಪುರದ ಹಾಗೆ ಮಾಂಸದ ತುಂಡುಗಳು. ಪೇಪರ್ ತಟ್ಟೆ, ಸ್ಟೀಲ್ ತಟ್ಟೆಯ ತೂಕ ಸುಮ್ಮನೆ ಲೆಕ್ಕಕ್ಕೆ ಬರಬಾರದಂತೆ.

"ಮೊದ್ಲು ಬರಿ ಕೈಯಲ್ಲಿ ನಿಂತ್ಕೊ."

54.300.

"ಈಗ ತಟ್ಟೆ ಹಿಡ್ಕೊ."

55.140.

ಭಾವ ತಟ್ಟೆಯಿಂದ ಒಂದು ತುಂಡು ಎತ್ತಿ ತಮ್ಮ ಬಾಯಿಗೆ ಹಾಕಿಕೊಂಡು ಅಂಕಿ ನೋಡಿದರು. ಇನ್ನೂ ಜಾಸ್ತಿ. ಇನ್ನೊಂದು ಎತ್ತಿದರು. ಮೂಳೆಯದನ್ನು ಬಿಟ್ಟು ಮೆತ್ತಗಿರುವುದನ್ನೇ ಆರಿಸುತ್ತಿದ್ದರು ಎಂದು ನನಗನ್ನಿಸಿತು.

"ಅಪ್ಪಾ, ಎಲ್ಲಾ ನೀನೇ ತಿಂದ್ಬಿಟ್ರೆ ನಾನೇನ್ ಪೇಪರ್ ತಟ್ಟೆ ತಿನ್ಲಾ?"

"ಅಲ್ಲಾಡ್ಬೇಡ, ಅಂಕಿ ಕುಣಿಯುತ್ತೆ."

ಐದನೇ ತುಂಡಿಗೆ 54.980 ಬಂತು. "ಹಾಂ! ಇಷ್ಟನ್ನೂ ತಿನ್ಬೋದು. ನೀರು ಮಾತ್ರ ಇಲ್ಲ" ಅಂದರು ಭಾವ. ಭರತ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ನಕ್ಕ. ಒಂದು ತಿಂಗಳಿನಿಂದ ಅವನ ಹಲ್ಲು ನಾನು ನೋಡಿರಲಿಲ್ಲ.

ಆಗ ಹೇಳಬೇಕಿತ್ತು. ಹೇಳಿದರೆ ತಟ್ಟೆ ವಾಪಸ್ ಹೋಗುತ್ತದೆ, ಜರ್ಕಿನ್ ಹೊರಗೆ ಬರುತ್ತದೆ. ಎರಡು ಕೆಜಿ ಮೇಲೆ ಇದ್ದದ್ದು ಒಂದು ದಿನದಲ್ಲಿ ಏನು ಮಾಡಿದರೂ ಇಳಿಯುವುದಿಲ್ಲ. ಸೀಟು ಹೇಗೂ ಹೋಗಿತ್ತು, ಊಟ ಕೂಡ ಹೋಗುವುದು ಬೇಡ ಎಂದು ಬಾಯಿ ಮುಚ್ಚಿಕೊಂಡೆ. ಅವರ ಜೊತೆಯೇ ಮನೆಗೆ ಹೋದೆ. ಭರತ ತಿಂದ. ಅಕ್ಕ ಭಾವನ ಕಣ್ಣು ತಪ್ಪಿಸಿ ಇನ್ನೆರಡು ಸೌಟು ಹಾಕಿದಳು. ಅವನು ಮೂಳೆ ಚೀಪಿ ಮುಗಿಸಿ, ತಟ್ಟೆ ಬಿಸಾಕಿ, ಗೋಡೆಗೆ ಒರಗಿದ ಮೇಲೆ ನಾನು ಬಾಯಿ ಬಿಟ್ಟೆ.

"ಭಾವ, ನಮ್ಮ್ ತಕ್ಕಡಿ ಕಮ್ಮಿ ತೋರ್ಸುತ್ತೆ."

"ಎಷ್ಟು?"

"ಹತ್ತು ಕೆಜಿಗೆ ಅರ್ಧ."

ಭಾವ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಬಾಯಿಂದ ಮೊದಲು ಬಂದದ್ದು ಸೀಟಿನ ಮಾತಲ್ಲ.

"ಲೇ, ಹಂಗಾದ್ರೆ ನಮ್ಮ್ ಗೇಟು?"

"ಅದೂ ಹಂಗೇ ಭಾವ."

ಆಮೇಲೆ ಮಗನ ಕಡೆ ತಿರುಗಿದರು. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಾಗ ಭರತನೇ ಹೇಳಿದ, "ಐವತ್ತೇಳು ಕಣಪ್ಪ. ನಿನ್ನೆ ಮೇಷ್ಟ್ರ ಮನೇಲಿ ತೂಕ ನೋಡ್ಕೊಂಡೆ. ಹೋದ ವಾರಾನೂ ನೋಡಿದ್ದೆ, ಐವತ್ತೆಂಟಿತ್ತು."

ನಾನೊಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದೇನೆ ಅಂದುಕೊಂಡಿದ್ದ ಗುಟ್ಟನ್ನು ಈ ಹುಡುಗನೂ ಹೊತ್ತುಕೊಂಡು, ಅದೇ ತಕ್ಕಡಿ ಹತ್ತಿ ಇಳಿಯುತ್ತಿದ್ದ.

"ಗೊತ್ತಿದ್ದೂ ಯಾಕ್ಲಾ ಹೇಳ್ಲಿಲ್ಲ?" ಭಾವನ ದನಿ ಏರಿತು.

"ಹೇಳಿದ್ರೆ ಆ ಅರ್ಧ ಮುದ್ದೇನೂ ಕಿತ್ಕೊಳ್ತಿದ್ದೆ. ನಂಗೆ ಆಗ್ತಿರ್ಲಿಲ್ಲಪ್ಪ. ಓಡ್ತಾ ಓಡ್ತಾ ಕಣ್ಣು ಕತ್ಲೆ ಬರ್ತಿತ್ತು."

ಭಾವ ಎದ್ದು ಗೂಟದಲ್ಲಿದ್ದ ಜರ್ಕಿನ್ ತೆಗೆದರು. "ಎದ್ದೇಳು. ಇನ್ನೂ ಸಂಜೆವರ್ಗೂ ಟೈಮ್ ಐತೆ."

ಅಕ್ಕ ಬಂದು ಬಾಗಿಲಿಗೆ ಅಡ್ಡ ನಿಂತಳು. ಕೂಗಲಿಲ್ಲ. ಅವಳು ಕೂಗದಿದ್ದರೆ ನಮಗೆಲ್ಲ ಭಯ.

"ಇವತ್ತು ಹೊಸತೊಡಕು. ಇವತ್ತು ಇವನ್ನ ಓಡಿಸ್ರಿ, ವರ್ಷ ಪೂರ್ತಿ ಓಡಿಸ್ತಾನೇ ಇರ್ತೀರ. ನೀವೂ ಹಿಂದೆ ಹಿಂದೆ ಓಡ್ತಾನೇ ಇರ್ತೀರ. ಓಡಿಸ್ರಿ ನೋಡೋಣ."

ಡಾಕ್ಟರು ಹೇಳಿದ್ದರೆ ಭಾವ ಕೇಳುತ್ತಿರಲಿಲ್ಲ, ಮೇಷ್ಟ್ರು ಹೇಳಿದ್ದರೂ ಕೇಳುತ್ತಿರಲಿಲ್ಲ. ಆದರೆ ಹೊಸತೊಡಕನ್ನು ಎದುರು ಹಾಕಿಕೊಳ್ಳುವ ಧೈರ್ಯ ನಮ್ಮ ಕಡೆ ಯಾವ ಗಂಡಸಿಗೂ ಇಲ್ಲ. ಜರ್ಕಿನ್ ಮತ್ತೆ ಗೂಟಕ್ಕೆ ಹೋಯಿತು. ಭರತ ಒಂದು ಚೊಂಬು ನೀರನ್ನು ಎತ್ತಿ ಗಟಗಟ ಕುಡಿದ. ಆ ಸದ್ದು ಮನೆಯೆಲ್ಲ ಕೇಳಿಸಿತು.

ಮಾರನೇ ದಿನ ಹೊಸಕೋಟೆಯಲ್ಲಿ ತೂಕ. ಭರತ 57.600. ಉಳಿದ ನಾಲ್ವರೂ ಎರಡು ಮೂರು ಕೆಜಿ ಮೇಲೆ. ಬೋಳು ತಲೆಯವನು ಎಲ್ಲರಿಗಿಂತ ಜಾಸ್ತಿ. ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು. ನಾನು ಕಂಬದ ಹಿಂದೆ ನಿಂತೆ. ಎಂಬತ್ತೆರಡು ಕೆಜಿಯವನಿಗೆ ಕಂಬ ಸಾಕಾಗುವುದಿಲ್ಲ.

ತೂಕದ ಮಿತಿ ಇಲ್ಲದ ವಿಭಾಗದಲ್ಲಿ ಒಂದು ತಂಡ ಕಮ್ಮಿ ಇತ್ತು. ಬೇಕಾದರೆ ಅದರಲ್ಲಿ ಆಡಿ ಅಂದರು. ಹುಡುಗರು ಹೂಂ ಅಂದರು. ಎದುರು ತಂಡದವರು ಮೀಸೆ ಬಂದ ಗಂಡಸರು, ಇಬ್ಬರಿಗೆ ಮಕ್ಕಳೂ ಇದ್ದರು. ನಮ್ಮವರನ್ನು ಅವರು ಮೂಟೆ ಎತ್ತಿದ ಹಾಗೆ ಎತ್ತಿ ಗೆರೆಯಾಚೆ ಇಡುತ್ತಿದ್ದರು. ಆದರೆ ಭರತ ರೈಡಿಗೆ ಹೋದಾಗ ಬೇರೆ. ನೆಲಕ್ಕೆ ಬಗ್ಗಿ, ಬಲಗಡೆ ಹೋಗುವ ಹಾಗೆ ಹೋಗಿ, ಎಡಗಡೆಯವನ ಮೊಣಕಾಲು ಮುಟ್ಟಿ, ಇಬ್ಬರ ಕೈಯಡಿಯಲ್ಲಿ ನುಸುಳಿ ಗೆರೆ ದಾಟಿಬಿಟ್ಟ. ಹಗ್ಗದಾಚೆ ನಿಂತಿದ್ದವರು ಶಿಳ್ಳೆ ಹೊಡೆದರು.

ಭಾವ ನನ್ನ ತೋಳು ಹಿಡಿದುಕೊಂಡರು. ಗೇಟಿನ ಸಿಟ್ಟು ಇನ್ನೂ ಇತ್ತು, ಹಿಡಿದ ರೀತಿಯಲ್ಲೇ ಗೊತ್ತಾಯಿತು.

"ಲೇ ಮಂಜ, ಇವ್ನು ಇದನ್ನ ಯಾವಾಗ್ ಕಲ್ತ?"

"ಎಂಟನೇ ಕ್ಲಾಸಿಂದ ಹಿಂಗೇ ಆಡ್ತವ್ನೆ ಭಾವ. ನೀವ್ ನೋಡಿಲ್ಲ ಅಷ್ಟೇ."

ತಂಡ ಇಪ್ಪತ್ತು ಪಾಯಿಂಟಿನಿಂದ ಸೋತಿತು. ಕಾಲೇಜಿನ ಕೋಚು ಆ ಹೊತ್ತಿಗೆ ಟೀ ಕುಡಿಯಲು ಹೋಗಿದ್ದರು. ಐವತ್ತೈದು ಕೆಜಿ ವಿಭಾಗದಿಂದ ಬೇರೆ ಊರಿನ ಇಬ್ಬರು ಹುಡುಗರ ಹೆಸರು ಬರೆದುಕೊಂಡು ಹೊರಟರು. ಸೀಟು ಸಿಗಲಿಲ್ಲ. ಇದರಲ್ಲಿ ನನ್ನ ಪಾಲು ಎಷ್ಟು ಅಂತ ಕೇಳಬೇಡಿ. ನಾನು ದಿನಾ ಕೇಳಿಕೊಳ್ಳುತ್ತೇನೆ. ಮೊದಲೇ ಹೇಳಿದ್ದರೆ ಭಾವ ಹುಡುಗನನ್ನು ಇನ್ನೂ ಹಿಂಡುತ್ತಿದ್ದರು, ಅದಕ್ಕೇ ಹೇಳಲಿಲ್ಲ ಎಂದು ಬರೆದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ನಿಜ ಹಾಗಿಲ್ಲ. ಹೆದರಿದ್ದೆ.

ಮುಂದಿನ ವಾರ ಐದು ಅಪ್ಪಂದಿರೂ ಅಂಗಡಿಗೆ ಬಂದರು. ಸೀಟಿನ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ, ಎಲ್ಲರೂ ಜಗಳ ಆಡಿದ್ದು ಎಂದೋ ಹಾಕಿದ ಹಂಡೆ, ಸೈಕಲ್ಲು, ಸರಳುಗಳ ಬಗ್ಗೆ. ಯಜಮಾನರು ನನಗೆ ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ತಕ್ಕಡಿ ಸರಿ ಮಾಡಿಸಿದರು. ಕೆಲಸದಿಂದ ತೆಗೆಯಲಿಲ್ಲ. ಗುಟ್ಟು ಹೊರಬಿದ್ದ ಮೇಲೆ ನನ್ನನ್ನು ತೆಗೆದು ಏನು ಪ್ರಯೋಜನ.

ಭರತ ಈಗ ಹೊಸಕೋಟೆಯಲ್ಲೇ ಸರ್ಕಾರಿ ಕಾಲೇಜಿನಲ್ಲಿ ಓದುತ್ತಾನೆ. ಭಾವ ಬದಲಾದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬದಲಾಗಲಿಲ್ಲ. ಬರುವ ವರ್ಷ ಅರವತ್ತೈದು ಕೆಜಿ ವಿಭಾಗದ ಪಂದ್ಯಕ್ಕೆ ಬೇರೆ ಕಾಲೇಜಿನ ಕೋಚು ಬರುತ್ತಾರಂತೆ. ಅರವತ್ತೊಂದರ ಹುಡುಗ ಅಲ್ಲಿ ಪುಡಿಯಾಗುತ್ತಾನೆ, ಅದಕ್ಕೆ ಈಗ ಮೈ ಬರಬೇಕು. ಬೆಳಿಗ್ಗೆ ನಾಲ್ಕು ಮೊಟ್ಟೆ, ನೆನೆಸಿದ ಕಡಲೆಬೀಜ, ಒಂದು ಚಿಪ್ಪು ಬಾಳೆಹಣ್ಣು. ಆದರೆ ಮಗನ ಪಂದ್ಯ ಇದ್ದರೆ ಭಾವ ರಜಾ ಹಾಕಿ ನೋಡಲು ಹೋಗುತ್ತಾರೆ. ಅದೊಂದು ಹೊಸದು.

ಹೋದ ಭಾನುವಾರ ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಭಾವ ಮಗನ ತಟ್ಟೆಗೆ ಮೂರನೇ ಮುದ್ದೆ ಹಾಕಲು ಹೋದರು.

"ತಿನ್ಲಾ, ಇನ್ನೂ ನಾಲ್ಕು ಕೆಜಿ ಬೇಕು."

ಭರತ ತಟ್ಟೆಗೆ ಕೈ ಅಡ್ಡ ಹಿಡಿದ.

"ಸಾಕಪ್ಪ. ಹೊಟ್ಟೆ ತುಂಬ್ತು."

ದನಿ ಏರಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಒಲೆಯ ಹತ್ತಿರ ಅಕ್ಕ ಸೌಟು ಹಿಡಿದು ನಿಂತುಬಿಟ್ಟಳು. ಭಾವನ ಕೈಯಲ್ಲಿ ಮುದ್ದೆ ಬಿಸಿಯಾಗಿತ್ತು, ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಳ್ಳುತ್ತ ಮಗನನ್ನೇ ನೋಡುತ್ತಿದ್ದರು. ಕೊನೆಗೆ ಅದನ್ನು ವಾಪಸ್ ಪಾತ್ರೆಗೆ ಇಟ್ಟು ಮುಚ್ಚಳ ಮುಚ್ಚಿದರು.

ಹುಡುಗ ಎದ್ದು ಕೈ ತೊಳೆದುಕೊಂಡು ಆಡಲು ಹೋದ. ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಕೂಡ ಭಾವ ಕೇಳಲಿಲ್ಲ.

ಅಷ್ಟೇ ನಡೆದದ್ದು. ಇದಕ್ಕೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ.